ಅರಿಶಿಣದ ಹಲ್ಲು

ಒಣಗಿದ ಅರಿಶಿಣದ ಕೊಂಬನ್ನು ಕೊಳ್ಳುವ ಮುಂಚೆ ಹಲ್ಲಿನಲ್ಲಿ ಕಚ್ಚಿ ಮುರಿದು ನೋಡುವುದು ಜಗದೇವಪ್ಪನ ಪದ್ಧತಿಯಾಗಿತ್ತು. ಚೆನ್ನಾಗಿ ಒಣಗಿದ್ದರೆ ಠಣ್ಣೆಂದು ಮುರಿಯುತ್ತದೆ, ಒಳಗೆ ಕೆಂಪು ತಿರುಗಿದ ಹಳದಿ ಕಾಣುತ್ತದೆ. ಹಸಿ ಉಳಿದಿದ್ದರೆ ಬಾಗುತ್ತದೆ. ದಲ್ಲಾಳಿ ಎಷ್ಟೇ ಹೊಗಳಲಿ, ಅದು ನಾಳೆ ಬೂಷ್ಟು ಹಿಡಿಯುವ ಮಾಲು. ಶಹಾಪುರದ ಹಳೆ ಬಜಾರದಲ್ಲಿ ಅವನದು ಪೂಜಾ ಸಾಮಾನಿನ ಅಂಗಡಿ. ಅರಿಶಿಣ, ಕುಂಕುಮ, ವಿಭೂತಿ, ಊದಿನಕಡ್ಡಿ, ಕರ್ಪೂರ. ಒಂದು ದಿನ ಎದೆನೋವು ಬಂದು ಅವನು ಹೋಗಿಬಿಟ್ಟ ಮೇಲೆ ಅಂಗಡಿಯ ಜೊತೆಗೆ ಆ ಪದ್ಧತಿಯನ್ನೂ ಹೆಂಡತಿ ಗೊಲ್ಲಾಳಮ್ಮ ಮುಂದುವರಿಸಿದಳು. ಆದರೆ ಅವನು ಕಚ್ಚುತ್ತಿದ್ದದ್ದು ದವಡೆಯಲ್ಲಿ. ಇವಳು ಮುಂದಿನ ಹಲ್ಲಿನಲ್ಲಿ ಕಚ್ಚುತ್ತಿದ್ದಳು. ಇಷ್ಟು ವರ್ಷ ಸಂಸಾರ ಮಾಡಿ ಗಂಡನ ಬಾಯಿಯನ್ನು ಒಮ್ಮೆಯಾದರೂ ಸರಿಯಾಗಿ ನೋಡಿದ್ದರೆ ತಾನೆ! ಕೆಲವು ವರ್ಷ ಹೇಗೋ ನಡೆಯಿತು, ಈ ಸಲದ ಮಾಲೂ ಚಲೋದೇ ಇತ್ತು. ಠಣ್ಣೆಂದದ್ದು ಮಾತ್ರ ಕೊಂಬಲ್ಲ, ಹಲ್ಲು.

ಗೊಲ್ಲಾಳಮ್ಮನಿಗೆ ಐವತ್ತರ ಆಚೀಚೆ ವಯಸ್ಸು. ಮಕ್ಕಳಾಗಲಿಲ್ಲ. ಅಂಗಡಿಯ ಹಿಂದೆಯೇ ಒಂದು ಕೋಣೆ, ಅದರಾಚೆ ಒಂದು ಒಲೆ, ಒಂದು ಬಚ್ಚಲು. ದಿನವಿಡೀ ಜನ ಬಂದು ಹೋಗುವ ಅಂಗಡಿ, ಇವಳಿಗೆ ಬೇಸರವಾದರೂ ಎಲ್ಲಿಂದ ಬರಬೇಕು ಎಂದು ಬಜಾರದವರು ತಿಳಿದಿದ್ದರು. ಹಾಗೆ ತಿಳಿದವರು ಒಂದು ದಿನ ಅವಳ ಗಲ್ಲಾದ ಹಿಂದೆ ಕೂತು ನೋಡಬೇಕಿತ್ತು. ಮದುವೆಯ ಅರಿಶಿಣ ಒಯ್ಯಲು ಬರುವ ಮನೆಯವರು ಅದನ್ನು ವಿಧವೆಯ ಕೈಯಿಂದ ಇಸಿದುಕೊಳ್ಳುವುದಿಲ್ಲ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ ಮತ್ತೆ, ಎಲ್ಲರೂ ಮರ್ಯಾದಸ್ತರು! ಸುಮ್ಮನೆ ನಿಂತು ಅತ್ತಿತ್ತ ನೋಡುತ್ತಾರೆ, ಕೆಮ್ಮುತ್ತಾರೆ, ಊದಿನಕಡ್ಡಿಯ ಬೆಲೆ ಕೇಳುತ್ತಾರೆ. ಅವರ ಪೇಚಾಟ ನೋಡಲಾರದೆ ಗೊಲ್ಲಾಳಮ್ಮನೇ ಒಂದು ದಾರಿ ಮಾಡಿಕೊಂಡಿದ್ದಳು. ಅರಿಶಿಣದ ಡಬ್ಬಿಯ ಬಾಯನ್ನು ಗಿರಾಕಿಯ ಕಡೆ ತಿರುಗಿಸಿ, ತಕ್ಕಡಿಯನ್ನು ಮುಂದಕ್ಕೆ ದೂಡಿ, ನೀವೇ ಹಾಕಿಕೊಳ್ಳಿರಿ ಎನ್ನುವಳು. ಜೊತೆಗೆ ಬಂದ ಮುತ್ತೈದೆ ತನ್ನ ಕೈಯಿಂದ ತುಂಬಿಕೊಳ್ಳುವಳು. ರೊಕ್ಕವನ್ನು ಗಲ್ಲಾದ ಮೇಲಿಟ್ಟು ಹೋಗುವರು. ಹೀಗೆ, ಅರಿಶಿಣದ ರಾಶಿಯ ನಡುವೆ ಕೂತವಳ ಕೈಗೆ ಇನ್ನೊಂದು ಕೈ ತಾಗದೆ ತಿಂಗಳುಗಳೇ ಕಳೆಯುತ್ತಿದ್ದವು. ಅವಳು ಅದನ್ನು ಯಾರಿಗೂ ಹೇಳಿಕೊಂಡವಳಲ್ಲ. ಹೇಳಿಕೊಳ್ಳಲು ಯಾರಾದರೂ ಇರಬೇಕಲ್ಲ.

ಅರ್ಧ ಹಲ್ಲಿನ ಮೇಲೆ ಸೆರಗು ಹಿಡಿದು ಎರಡು ದಿನ ವ್ಯಾಪಾರ ಮಾಡಿದಳು. ಮೂರನೆಯ ದಿನ ತಣ್ಣೀರು ಕುಡಿದದ್ದು ನೆತ್ತಿಗೆ ಹೊಡೆದಂತಾಗಿ, ಅಂಗಡಿಗೆ ಬೀಗ ಜಡಿದು ಬಸ್ ನಿಲ್ದಾಣದ ಹತ್ತಿರದ ಹಲ್ಲಿನ ದವಾಖಾನೆಯ ಮೆಟ್ಟಿಲು ಹತ್ತಿದಳು. ಕೆಳಗೆ ಬಟ್ಟೆಯಂಗಡಿ, ಮೇಲೆ ದವಾಖಾನೆ. ಡಾಕ್ಟರಮ್ಮನ ಹೆಸರು ಸೌಭಾಗ್ಯ. ಕಲಬುರಗಿ ಕಡೆಯ ಹುಡುಗಿ, ಮೂವತ್ತು ದಾಟಿರಲಿಲ್ಲ. ಊರಿಗೆ ಹೊಸಬಳು. ದವಾಖಾನೆಯ ಹಿಂದಿನ ಒಂದು ಕೋಣೆಯಲ್ಲೇ ಅವಳ ವಾಸ. ಬಾಗಿಲಲ್ಲಿ ಚೀಟಿ ಕೊಡಲು ರೇಣಮ್ಮ ಎಂಬ ಹೆಂಗಸು ಇದ್ದಳು. ಚೀಟಿ ತೆಗೆದುಕೊಳ್ಳುವವರು ಅಷ್ಟಾಗಿ ಇರಲಿಲ್ಲವಾದ್ದರಿಂದ ಅವಳು ಹೆಚ್ಚಾಗಿ ಹತ್ತಿಬತ್ತಿ ಹೊಸೆಯುತ್ತಿದ್ದಳು.

ಡಾಕ್ಟರಮ್ಮ ಗೊಲ್ಲಾಳಮ್ಮನನ್ನು ಕುರ್ಚಿಯಲ್ಲಿ ಒರಗಿಸಿ, ಗದ್ದ ಹಿಡಿದು ಮುಖವನ್ನು ಬೆಳಕಿನ ಕಡೆ ತಿರುಗಿಸಿದಳು. ಅಷ್ಟೇ. ಗೊಲ್ಲಾಳಮ್ಮನ ಕಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ನೋವಾಗುತ್ತಿದೆಯೇ ಎಂದು ಡಾಕ್ಟರಮ್ಮ ಕೇಳಿದಾಗ ಅವಳು ಹೌದೆಂದು ಗೋಣು ಹಾಕಿದಳು. ನೋವು ಇದ್ದದ್ದು ನಿಜ, ಆದರೆ ಆ ಹೊತ್ತಿಗೆ ಅದು ಹಲ್ಲಿನಲ್ಲಿರಲಿಲ್ಲ.

ಬೇರಿಗೆ ಔಷಧ ತುಂಬುವ ಕೆಲಸ ಕೆಲವು ಸಲದಲ್ಲಿ ಮುಗಿಯಿತು. ಆಮೇಲೆ ಡಾಕ್ಟರಮ್ಮ ಅವಳನ್ನು ಕಿಟಕಿಯ ಹತ್ತಿರ ಕರೆದು ನಿಲ್ಲಿಸಿದಳು. ಬಳೆಗಾರ ಬಳೆ ತೋರಿಸುವಂತೆ ಒಂದು ಪಟ್ಟಿಯಲ್ಲಿ ಸಾಲಾಗಿ ಸುಳ್ಳು ಹಲ್ಲುಗಳಿದ್ದವು, ಒಂದೊಂದೂ ಒಂದೊಂದು ಬಿಳುಪು. ಅವನ್ನು ಒಂದೊಂದಾಗಿ ಗೊಲ್ಲಾಳಮ್ಮನ ತುಟಿಯ ಹತ್ತಿರ ಹಿಡಿದು, ತಲೆ ವಾರೆ ಮಾಡಿ, ಕಣ್ಣು ಕಿರಿದು ಮಾಡಿ ಹೊಂದಿಸಿ ನೋಡಿದಳು. ಲೈಟಿನ ಬೆಳಕು ಮೋಸ ಮಾಡುತ್ತದೆ, ಬಣ್ಣ ನೋಡುವುದಕ್ಕೆ ಸೂರ್ಯನ ಬೆಳಕೇ ಸರಿ ಎಂದಳು. ಗಂಡ ಸತ್ತ ಮೇಲೆ ಅವಳ ಮುಖವನ್ನು ಯಾರೂ ಅಷ್ಟು ಹೊತ್ತು ನೋಡಿರಲಿಲ್ಲ. ಗಂಡನಾದರೂ ಎಲ್ಲಿ ನೋಡಿದ್ದ, ಅವನಿಗೆ ತಕ್ಕಡಿಯ ಮುಳ್ಳಿನ ಮೇಲೇ ಕಣ್ಣು.

ಖಾಯಂ ಹಲ್ಲನ್ನು ಯಾದಗಿರಿಯ ಒಂದು ಲ್ಯಾಬಿನಲ್ಲಿ ಮಾಡಿಸಬೇಕು, ಅದು ಬರುವ ತನಕ ಇದು ಇರಲಿ ಎಂದು ಡಾಕ್ಟರಮ್ಮ ಅಲ್ಲೇ ಪುಡಿ ಮತ್ತು ನೀರಿನಂಥ ಔಷಧ ಕಲಸಿ ಒಂದು ಟೆಂಪ್ರವರಿ ಹಲ್ಲು ಮಾಡಿ ಕೂರಿಸಿದಳು. ಕನ್ನಡಿ ಹಿಡಿದು ತೋರಿಸಿದಾಗ ಯಾವುದು ತನ್ನದು, ಯಾವುದು ಅವರದು ಎಂದು ಗೊಲ್ಲಾಳಮ್ಮನಿಗೇ ತಿಳಿಯಲಿಲ್ಲ.

"ಇದು ಮಣ್ಣಿನ ಗಡಿಗಿ ಇದ್ದಂಗ್ರಿ ಅವ್ವಾರ," ಎಂದಳು ಡಾಕ್ಟರಮ್ಮ. "ಏನ್ ಹಾಕಿದ್ರೂ ಒಳಗ ಕುಡೀತದ. ಚಹಾ, ಎಲಿಅಡಿಕಿ, ಅರಿಶಿಣ, ಇವು ಮೂರಕ್ಕೂ ಹುಷಾರ್ ಇರ್ರಿ. ಖಾಯಂ ಹಲ್ಲು ಪಿಂಗಾಣಿ ಬಸಿ ಇದ್ದಂಗ, ಅದಕ್ಕ ಯಾವ ಬಣ್ಣಾನೂ ಹತ್ತಂಗಿಲ್ಲ."

ಅರಿಶಿಣದ ಅಂಗಡಿಯವಳಿಗೆ ಅರಿಶಿಣದಿಂದ ಹುಷಾರಾಗಿರು ಎನ್ನುವುದು! ಗೊಲ್ಲಾಳಮ್ಮನಿಗೆ ನಗು ಬಂತು. ಅಂಟು ಗಟ್ಟಿಯಾಗುವವರೆಗೆ ಅರ್ಧ ತಾಸು ಏನೂ ತಿನ್ನಬಾರದೆಂದು ಅವಳನ್ನು ಅಲ್ಲೇ ಕೂರಿಸಿದರು. ಮಧ್ಯಾಹ್ನದ ಹೊತ್ತು, ಬೇರೆ ಯಾರೂ ಇರಲಿಲ್ಲ. ಡಾಕ್ಟರಮ್ಮ ಖಾನಾವಳಿಯಿಂದ ತರಿಸಿದ ಡಬ್ಬಿ ಬಿಚ್ಚಿ, ತಣ್ಣಗಾದ ಅನ್ನವನ್ನು ಚಮಚದಲ್ಲಿ ಕೆದಕುತ್ತಾ ಕೂತಳು. ಗೊಲ್ಲಾಳಮ್ಮನ ಚೀಲದಲ್ಲಿ ಬೆಳಿಗ್ಗೆ ಬಡಿದ ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಇದ್ದವು. ತೆಗೆದು ಮುಂದಿಟ್ಟಳು. ಡಾಕ್ಟರಮ್ಮ ಬೇಡವೆಂದಳು, ಒಂದು ಮುರುಕು ತಿಂದಳು, ಆಮೇಲೆ ಮಾತಿಲ್ಲದೆ ಒಂದಿಡೀ ರೊಟ್ಟಿ ಮುಗಿಸಿದಳು. ಅರ್ಧ ತಾಸು ಕಳೆದ ಮೇಲೆ ಗೊಲ್ಲಾಳಮ್ಮನೂ ಕೂತು ಉಂಡಳು. ಎದುರಿಗೆ ಒಬ್ಬರು ಕೂತು ರೊಟ್ಟಿ ಮುರಿಯುವ ಸದ್ದು ಕೇಳುತ್ತಾ ಉಂಡು ಎಷ್ಟು ದಿನವಾಗಿತ್ತೋ! ಮನೆಗೆ ಬಂದವಳೇ ಕನ್ನಡಿಯ ಮುಂದೆ ನಿಂತು ಒಬ್ಬಳೇ ಒಂದು ಸಲ ನಕ್ಕಳು.

ಮುಂದಿನ ಬುಧವಾರ ತೋರಿಸಲು ಹೋಗುವ ಹೊತ್ತಿಗೆ ಹಲ್ಲು ತಾನಾಗಿಯೇ ಹಳದಿ ತಿರುಗಿತ್ತು. ಅದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಆ ಅಂಗಡಿಯ ಗಾಳಿಯೇ ಹಳದಿ. ಗೋಡೆ, ಗಲ್ಲಾ, ಅವಳ ಉಗುರು ಎಲ್ಲ ಹಳದಿ. ಡಾಕ್ಟರಮ್ಮ ಸಣ್ಣ ಬ್ರಷ್ ತಿರುಗಿಸಿ ಗರ್‍ರೆಂದು ಉಜ್ಜಿ ಬೆಳ್ಳಗೆ ಮಾಡಿದಳು. ಉಜ್ಜುವಾಗ ಎಡಗೈ ಗದ್ದದ ಮೇಲೆಯೇ ಇತ್ತು. ಆಮೇಲೆ ಇಬ್ಬರೂ ಉಂಡರು. ಲ್ಯಾಬಿನಿಂದ ಹಲ್ಲು ಇನ್ನೂ ಬಂದಿಲ್ಲ, ಬರುವ ಬುಧವಾರ ಮತ್ತೆ ಬನ್ನಿರಿ ಎಂದಳು ಡಾಕ್ಟರಮ್ಮ.

ಗೊಲ್ಲಾಳಮ್ಮ ಆ ವಾರ ಹುಷಾರಾಗಿದ್ದಳು. ಬಾಯಿಗೆ ಸೆರಗು ಕಟ್ಟಿಕೊಂಡು ಅರಿಶಿಣ ಜರಡಿ ಹಿಡಿದಳು. ಹಲ್ಲು ಬೆಳ್ಳಗೇ ಉಳಿಯಿತು. ಅದನ್ನು ನೋಡಿ ಡಾಕ್ಟರಮ್ಮ ಬಹಳ ಚಲೋ ಇಟ್ಟುಕೊಂಡಿದ್ದೀರಿ, ಇನ್ನು ವಾರವಾರ ಬರುವ ತ್ರಾಸು ಬೇಡ, ಖಾಯಂ ಹಲ್ಲು ಬಂದಾಗ ಹೇಳಿ ಕಳಿಸುತ್ತೇನೆ ಎಂದುಬಿಟ್ಟಳು. ಹಾಗೆಂದು ತನ್ನ ಖಾನಾವಳಿಯ ಡಬ್ಬಿಯ ಕಡೆ ನೋಡಿದಳು. ಆ ನೋಟ ಗೊಲ್ಲಾಳಮ್ಮನಿಗೆ ಕಾಣಲಿಲ್ಲ, ಅವಳು ತನ್ನ ಚೀಲದ ಗಂಟು ಬಿಚ್ಚುವುದರಲ್ಲಿದ್ದಳು.

ಮುಂದಿನ ಬುಧವಾರ ಅವಳಿಗೆ ಹೋಗಲು ಕಾರಣವಿರಲಿಲ್ಲ. ಕಾರಣವಿಲ್ಲದೆ ಒಬ್ಬರ ಮನೆಗೆ ಹೋಗುವ ರೂಢಿ ಅವಳಿಗೆ ತಪ್ಪಿ ವರ್ಷಗಳಾಗಿದ್ದವು. ವಿಧವೆ ಬಂದರೆ ಏನೋ ಬೇಡಲು ಬಂದಳೆಂದು ಜನ ಮೊದಲು ಮುಖ ನೋಡುತ್ತಾರೆ, ಆಮೇಲೆ ಕೈ ನೋಡುತ್ತಾರೆ. ಹಾಗಾಗಿ ಹೋಗಲಿಲ್ಲ. ಮಧ್ಯಾಹ್ನ ಒಲೆಯ ಮುಂದೆ ಕೂತು ರೊಟ್ಟಿ ಮುರಿದಳು. ಮುರಿದ ಸದ್ದು ಅವಳಿಗೇ ಜೋರಾಗಿ ಕೇಳಿತು. ತಾಟನ್ನು ದೂಡಿ ಎದ್ದು, ಅಂಗಡಿಯ ಡಬ್ಬಿಯಿಂದ ಚಿಟಿಕೆ ಅರಿಶಿಣ ತಂದು, ಬೆರಳ ತುದಿಯಲ್ಲಿ ನೀರು ಬೆರೆಸಿ ಮುಂದಿನ ಹಲ್ಲಿಗೆ ತಿಕ್ಕಿದಳು. ಮೇಲೆ ಬಿಸಿ ಚಹಾ ಬಾಯಲ್ಲಿ ತುಂಬಿ ಹಿಡಿದು ಕೂತಳು.

ತಿಕ್ಕುವಾಗ ಅವಳಿಗೊಂದು ವಿಚಿತ್ರ ಸಂತೋಷವಾದದ್ದನ್ನು ಇಲ್ಲಿ ಹೇಳಲೇಬೇಕು. ಜಗದೇವಪ್ಪ ಹೋದ ದಿನದಿಂದ ಅವಳ ಕೆನ್ನೆಗೆ ಅರಿಶಿಣ ಬಿದ್ದಿರಲಿಲ್ಲ. ಮಾರಬಹುದು, ಜರಡಿ ಹಿಡಿಯಬಹುದು, ಹಚ್ಚಿಕೊಳ್ಳುವಂತಿಲ್ಲ. ಹಲ್ಲಿಗೆ ಹಚ್ಚಬಾರದೆಂದು ಮಾತ್ರ ಯಾವ ಹಿರಿಯರೂ ಹೇಳಿಹೋಗಿರಲಿಲ್ಲ. ಹೇಳಲು ಅವರಿಗೆ ನೆನಪಾಗಿರಲಿಕ್ಕಿಲ್ಲ.

ಮರುದಿನವೇ ಹೋಗಿ ಹಲ್ಲು ತೋರಿಸಿದಳು. ಹಿಂಗಾಗೇದ ನೋಡ್ರಿ ಎಂದು ಅಷ್ಟೇ ಹೇಳಿ ಬಾಯಿ ತೆರೆದು ಕೂತಳು. ಡಾಕ್ಟರಮ್ಮ ಗದ್ದ ಹಿಡಿದಳು. ಅಲ್ಲಿಂದ ಮುಂದೆ ಅದೇ ನಡೆಯಿತು. ಮಂಗಳವಾರ ತಿಕ್ಕುವುದು, ಬುಧವಾರ ಉಜ್ಜಿಸಿಕೊಳ್ಳುವುದು. ಬುತ್ತಿಯ ಗಂಟು ದೊಡ್ಡದಾಗುತ್ತಾ ಹೋಯಿತು. ಡಾಕ್ಟರಮ್ಮನಿಗೆ ಬದನೆಕಾಯಿ ಎಣ್ಣೆಗಾಯಿ ಇಷ್ಟ, ಮೆಂತೆಯ ಕಹಿ ಸೇರುವುದಿಲ್ಲ, ಮೊಸರಿನ ಮೇಲೆ ಕೆನೆ ಇರಬೇಕು ಎಂಬುದೆಲ್ಲ ತಿಳಿಯಿತು. ತಾಯಿ ತೀರಿಕೊಂಡಿದ್ದಾಳೆ, ತಂದೆ ಇನ್ನೊಂದು ಮದುವೆಯಾಗಿದ್ದಾನೆ, ಹಬ್ಬಕ್ಕೆ ಊರಿಗೆ ಹೋದರೆ ಬೇಗ ಹೊರಡುವಂತೆ ಬಸ್ಸಿನ ವೇಳೆ ಮನೆಯವರೇ ನೆನಪಿಸುತ್ತಾರೆ ಎಂಬುದೂ ತಿಳಿಯಿತು. ಮಧ್ಯೆ ಮಧ್ಯೆ ಗೊಲ್ಲಾಳಮ್ಮ ಖಾಯಂ ಹಲ್ಲಿನ ಮಾತು ಬರದಂತೆ ನೋಡಿಕೊಳ್ಳುತ್ತಿದ್ದಳು. ಬಂದರೂ ಲ್ಯಾಬಿನವರು ಇನ್ನೂ ಕಳಿಸಿಲ್ಲ ಎಂದು ಡಾಕ್ಟರಮ್ಮನೇ ಅಂದುಬಿಡುತ್ತಿದ್ದಳು. ಯಾದಗಿರಿಯ ಲ್ಯಾಬಿನವರ ಸೋಮಾರಿತನಕ್ಕೆ ಗೊಲ್ಲಾಳಮ್ಮ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದಳು.

ಆದರೆ ಡಾಕ್ಟರಮ್ಮ ಓದಿದವಳು, ಹಲ್ಲು ವಾರವಾರ ಹಳದಿಯಾದರೆ ಸುಮ್ಮನಿರುವುದು ಹೇಗೆ? ಮೊದಲು ಪುಡಿಯ ಮೇಲೆ ಅನುಮಾನ ಪಟ್ಟಳು. ಬೇರೆ ಕಂಪನಿಯ ಔಷಧ ತರಿಸಿ ಹೊಸದಾಗಿ ಹಲ್ಲು ಮಾಡಿ ಕೂರಿಸಿದಳು. ಅದೂ ಹಳದಿಯಾಯಿತು. ಆಗ ಎರಡೂ ಔಷಧದಿಂದ ಅಂಗಿಯ ಗುಂಡಿಯಷ್ಟಗಲದ ಬಿಲ್ಲೆಗಳನ್ನು ಮಾಡಿ ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಲೋಟಗಳಲ್ಲಿ ನೆನೆಹಾಕಿದಳು. ಒಂದರಲ್ಲಿ ಬರೀ ನೀರು, ಒಂದರಲ್ಲಿ ಚಹಾ, ಒಂದರಲ್ಲಿ ಅರಿಶಿಣದ ನೀರು. ವಾರ ಕಳೆದ ಮೇಲೆ ಬಿಲ್ಲೆಗಳನ್ನು ತೊಳೆದು, ಗೊಲ್ಲಾಳಮ್ಮನನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ಒಂದೊಂದನ್ನೂ ಹಲ್ಲಿನ ಪಕ್ಕ ಹಿಡಿದಳು. ನೀರಿನದು ಹಾಗೇ ಇತ್ತು. ಚಹಾದ್ದು ಮಾಸಿತ್ತು. ಅರಿಶಿಣದ್ದು ಎಲ್ಲಕ್ಕಿಂತ ಹಳದಿಯಾಗಿತ್ತು. ಹಲ್ಲು ಅದಕ್ಕಿಂತಲೂ ಹಳದಿಯಾಗಿತ್ತು.

"ಒಂದ್ ವಾರ ಅರಿಶಿಣದಾಗ ಮುಳುಗಿಸಿಟ್ರೂ ಇಷ್ಟು ಆಗಿಲ್ರಿ," ಎಂದಳು ಡಾಕ್ಟರಮ್ಮ.

ಗೊಲ್ಲಾಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನೆಲದ ಟೈಲ್ಸ್ ನೋಡುತ್ತಾ ನಿಂತಳು. ಆಮೇಲೆ ಡಾಕ್ಟರಮ್ಮನೇ ಬಿಲ್ಲೆಗಳನ್ನು ಲೋಟಕ್ಕೆ ಹಾಕುತ್ತಾ, ನಿಮ್ಮ ಅಂಗಡಿಯ ಗಾಳಿಯಲ್ಲೇ ಅರಿಶಿಣ ಇದೆಯಲ್ಲ, ಅದಕ್ಕಿರಬೇಕು ಬಿಡಿರಿ ಎಂದಳು. ಗೊಲ್ಲಾಳಮ್ಮ ಉಸಿರು ಬಿಟ್ಟಳು. ಹೌದ್ರಿ, ಗಾಳಿಯೇ ಎಂದಳು. ಆ ದಿನ ರೊಟ್ಟಿಯ ಜೊತೆಗೆ ಹೋಳಿಗೆಯೂ ಇತ್ತು, ಇಬ್ಬರೂ ಸ್ವಲ್ಪ ಹೆಚ್ಚೇ ಉಂಡರು.

ಇದೆಲ್ಲ ಇಬ್ಬರ ನಡುವೆ ಉಳಿದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ಹಲ್ಲು ಇದ್ದದ್ದು ಬಾಯಿಯ ನಟ್ಟನಡುವೆ, ಬಾಯಿ ಇದ್ದದ್ದು ಹಳೆ ಬಜಾರದ ನಟ್ಟನಡುವೆ. ಗೋಗಿ, ಕೆಂಭಾವಿ, ಕಕ್ಕೇರಾ ಕಡೆಯಿಂದ ಸಾಮಾನಿಗೆ ಬಂದವರೆಲ್ಲ ನೋಡುತ್ತಿದ್ದರು. ನೋಡಿ ಸುಮ್ಮನೆ ಹೋಗುವ ಜನವೇ? ಏನ್ರಿ ಅದು, ಯಾರು ಹಾಕಿದ್ದು ಎಂದು ಕೇಳುತ್ತಿದ್ದರು. ಬಸ್ ನಿಲ್ದಾಣದ ಹತ್ತಿರದ ಡಾಕ್ಟರಮ್ಮ ಎಂದು ಗೊಲ್ಲಾಳಮ್ಮ ಹೇಳುತ್ತಿದ್ದಳು, ಅದೂ ಅಭಿಮಾನದಿಂದ. ಅವರು ಇನ್ನೊಮ್ಮೆ ಹಲ್ಲಿನ ಕಡೆ ನೋಡಿ, ಹಾಂ ಹಾಂ ಎಂದು ಹೋಗುತ್ತಿದ್ದರು. ಆ ಹಾಂ ಹಾಂ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಹೊಳೆಸಿದವನು ಕೆಂಭಾವಿಯ ಭೀಮಾಶಂಕರ. ಹತ್ತಿಯ ವ್ಯಾಪಾರಿ, ಜಗದೇವಪ್ಪನ ಕಾಲದ ಗಿರಾಕಿ. ಮಗಳ ಮದುವೆಯ ಅರಿಶಿಣ ಒಯ್ಯಲು ಹೆಂಡತಿ, ಮಗಳ ಜೊತೆ ಬಂದಿದ್ದ. ಹೆಂಡತಿ ಡಬ್ಬಿಗೆ ಕೈ ಹಾಕಿ ತಾನೇ ತುಂಬಿಕೊಳ್ಳುತ್ತಿದ್ದಳು. ಮಗಳ ಮುಂದಿನ ಹಲ್ಲಿನ ತುದಿ ಮುರಿದಿತ್ತು. ಹುಡುಗಿ ಮಾತಾಡುವಾಗಲೆಲ್ಲ ತುಟಿ ಮುಚ್ಚುತ್ತಿದ್ದಳು. ಮದುವೆಯ ಫೋಟೋದೊಳಗೆ ಅದು ಕಾಣಬಾರದು, ಇಲ್ಲೇ ಶಹಾಪುರದಲ್ಲಿ ತೋರಿಸೋಣವೆಂದು ಬಂದೆವು ಎಂದು ಭೀಮಾಶಂಕರ ಹೇಳುತ್ತಿದ್ದವನು ಗೊಲ್ಲಾಳಮ್ಮನ ಬಾಯಿ ನೋಡಿ ನಿಂತ.

"ಇದು ಆ ಹೊಸಾ ಡಾಕ್ಟರಮ್ಮ ಹಾಕಿದ್ದೇನು?"

ಹೌದೆಂದಳು ಗೊಲ್ಲಾಳಮ್ಮ.

"ಹಂಗಾರ ಬ್ಯಾಡ ತಗೋ. ಮಂದಿ ಹೇಳಿದ್ದು ಖರೇನೇ ಅದ. ನಾವು ಸುರಪುರಕ್ಕೇ ಹೋಗ್ತೀವಿ."

ಒಂದೇ ಒಂದು ಮಾತು ಸಾಕಿತ್ತು. ಡಾಕ್ಟರಮ್ಮನ ತಪ್ಪಲ್ಲ, ನಾನೇ ತಿಕ್ಕಿದ್ದು ಎಂದರೆ ಆಗಿತ್ತು. ಯಾಕೆ ತಿಕ್ಕಿದೆ ಎಂದು ಅವನು ಕೇಳುತ್ತಿದ್ದ. ಅದಕ್ಕೆ ಉತ್ತರ ಹೇಳುವುದೆಂದರೆ, ಮುತ್ತೈದೆಯೊಬ್ಬಳು ತನ್ನ ಡಬ್ಬಿಯೊಳಗೆ ಕೈಯಿಟ್ಟು ನಿಂತಿರುವಾಗ, ತನ್ನನ್ನು ಮುಟ್ಟುವವರು ಯಾರೂ ಇಲ್ಲವೆಂದು ಬಜಾರದಲ್ಲಿ ಕೂಗಿ ಹೇಳಿದಂತೆ. ಗೊಲ್ಲಾಳಮ್ಮ ತಕ್ಕಡಿಯ ಮುಳ್ಳು ನೋಡಿ ರೊಕ್ಕ ಎಷ್ಟೆಂದು ಹೇಳಿದಳು. ಅವರು ಗಲ್ಲಾದ ಮೇಲೆ ರೊಕ್ಕ ಇಟ್ಟು ಸುರಪುರದ ಬಸ್ಸಿಗೆ ಹೋದರು. ಅವಳು ಆ ದಿನ ನೆತ್ತಿಯ ಮೇಲೆ ಬಿಸಿಲಿರುವಾಗಲೇ ಅಂಗಡಿ ಮುಚ್ಚಿದಳು.

ಆ ಬುಧವಾರ ದವಾಖಾನೆಯಲ್ಲಿ ರೇಣಮ್ಮ ಇರಲಿಲ್ಲ. ಚೀಟಿ ಕೊಡುವ ಕೆಲಸವಿಲ್ಲದ ಮೇಲೆ ಸಂಬಳ ಎಲ್ಲಿಂದ ಕೊಡುವುದು, ನಾನೇ ಬೇಡವೆಂದೆ ಎಂದಳು ಡಾಕ್ಟರಮ್ಮ. ಊರಲ್ಲಿ ಏನೋ ಮಾತು ಹಬ್ಬಿದೆ, ನಾನು ಹಾಕಿದ ಹಲ್ಲು ಹಳದಿಯಾಗುತ್ತದಂತೆ. ಈ ತಿಂಗಳು ನೋಡಿ ಬಾಗಿಲು ಹಾಕುತ್ತೇನೆ, ಕಲಬುರಗಿಯ ಯಾವುದಾದರೂ ದೊಡ್ಡ ದವಾಖಾನೆಯಲ್ಲಿ ಕೆಲಸ ಹುಡುಕಿಕೊಳ್ಳುತ್ತೇನೆ. ಇಷ್ಟನ್ನೂ ಅವಳು ಗೊಲ್ಲಾಳಮ್ಮನ ಕಡೆ ನೋಡದೆ, ಸಾಮಾನು ತೊಳೆಯುತ್ತಾ ಹೇಳಿದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ದೂರು ಇದ್ದಿದ್ದರೆ ಗೊಲ್ಲಾಳಮ್ಮನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಗೊಲ್ಲಾಳಮ್ಮ ಕುರ್ಚಿಗೆ ಹೋಗಲಿಲ್ಲ. ಬುತ್ತಿಯ ಚೀಲವನ್ನು ಎದೆಗೆ ಅವಚಿಕೊಂಡು ನಿಂತೇ ಇದ್ದಳು. ತಿಕ್ಕುವುದನ್ನು ಬಿಟ್ಟರೆ ಬುಧವಾರ ಹೋಗುತ್ತದೆ. ಬಿಡದಿದ್ದರೆ ಡಾಕ್ಟರಮ್ಮನೇ ಹೋಗುತ್ತಾಳೆ. ಯಾವುದನ್ನು ಹಿಡಿದರೂ ತನಗೆ ಉಳಿಯುವುದು ಒಲೆಯ ಮುಂದಿನ ಆ ತಾಟೇ. ಹಾಗಿದ್ದ ಮೇಲೆ ಈ ಹುಡುಗಿಯ ಅನ್ನವಾದರೂ ಉಳಿಯಲಿ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದರೂ ಬಾಯಿಬಿಡಲು ಹೊತ್ತು ಹಿಡಿಯಿತು.

"ಖಾಯಂ ಹಲ್ಲು ಹಾಕಿಬಿಡ್ರಿ, ಡಾಕ್ಟರಮ್ಮಾರ."

ಡಾಕ್ಟರಮ್ಮನ ಕೈ ನಲ್ಲಿಯ ಕೆಳಗೇ ನಿಂತಿತು. ಲ್ಯಾಬಿನಿಂದ ಇನ್ನೂ ಬಂದಿಲ್ಲ ಎಂದು ಮೆಲ್ಲಗೆ ಹೇಳಿದಳು.

"ನಾನೇ ಯಾದಗಿರಿಗೆ ಹೋಗಿ ತರ್ತೀನ್ರಿ. ಲ್ಯಾಬು ಎಲ್ಲದ, ಅಷ್ಟು ಹೇಳ್ರಿ. ಈಗಿನ ಬಸ್ಸಿಗೇ ಹೋಗ್ತೀನಿ."

ಡಾಕ್ಟರಮ್ಮ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡಳು. ಮೇಜಿನ ಕೆಳಗಿನ ಖಾನೆ ಎಳೆದು, ಹಿಂದಿನ ಮೂಲೆಗೆ ಕೈ ಹಾಕಿ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ತೆಗೆದಳು. ಅದರ ಸುತ್ತ ರಬ್ಬರ್ ಬ್ಯಾಂಡು ಸುತ್ತಿತ್ತು. ಬಿಚ್ಚಲು ಹೋದರೆ ಅದು ಹಿಗ್ಗಲಿಲ್ಲ. ಬೆರಳು ತಾಗಿದ್ದೇ ತುಣುಕು ತುಣುಕಾಗಿ ಉದುರಿ ಮೇಜಿನ ಮೇಲೆ ಬಿತ್ತು. ಈ ಸೀಮೆಯ ಬಿಸಿಲಿಗೆ ರಬ್ಬರ್ ಬ್ಯಾಂಡು ಹಾಗಾಗಬೇಕಾದರೆ ಒಂದು ಇಡೀ ಬೇಸಿಗೆ ಮುಟ್ಟದೆ ಇಟ್ಟಿರಬೇಕು. ಅಂಗಡಿಯಲ್ಲಿ ದಿನಾ ಪೊಟ್ಟಣ ಕಟ್ಟುವ ಗೊಲ್ಲಾಳಮ್ಮನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಂದರೆ ಇವಳಿಗೂ ಗೊತ್ತಿತ್ತು. ಅಂದರೆ ಇವಳೂ ಬುಧವಾರ ಬರಲೆಂದು ಕಾಯುತ್ತಿದ್ದಳು. ಡಾಕ್ಟರಮ್ಮ ಉದುರಿದ ತುಣುಕುಗಳನ್ನು ಒಂದೊಂದಾಗಿ ಹೆಕ್ಕಿ ಅಂಗೈಯಲ್ಲಿ ಹಾಕಿಕೊಳ್ಳುತ್ತಿದ್ದಳು, ತಲೆ ಎತ್ತಲಿಲ್ಲ. ಇಬ್ಬರಲ್ಲಿ ಒಬ್ಬರು ಬಾಯಿಬಿಟ್ಟಿದ್ದರೆ ಅಲ್ಲೇ ಎಲ್ಲ ಸರಿಹೋಗುತ್ತಿತ್ತು. ಹಾಳಾದ ನಾಚಿಕೆ! ಸುಳ್ಳು ಹೇಳಿ ಸಿಕ್ಕಿಬಿದ್ದ ಇಬ್ಬರು ಮರ್ಯಾದಸ್ತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುವುದು ಅಷ್ಟು ಸುಲಭವಲ್ಲ.

ಟೆಂಪ್ರವರಿ ಹಲ್ಲು ಕಳಚಿ, ಪಿಂಗಾಣಿಯದನ್ನು ಅಂಟಿಸಿ, ಡಾಕ್ಟರಮ್ಮ ಗದ್ದವನ್ನು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿದಿದ್ದಳು. ಕನ್ನಡಿಯಲ್ಲಿ ಹಲ್ಲು ಚೆಂದ ಕಂಡಿತು. ಊಟ ಮಾಡುವಾಗ ಇಬ್ಬರೂ ಪಲ್ಲೆಯ ಉಪ್ಪಿನ ಬಗ್ಗೆ ಮಾತಾಡಿದರು. ಹೊರಡುವಾಗ ಡಾಕ್ಟರಮ್ಮ, ಇದಕ್ಕಿನ್ನು ಏನೂ ಆಗುವುದಿಲ್ಲ, ಏನಾದರೂ ತ್ರಾಸಾದರೆ ಬನ್ನಿರಿ ಎಂದಳು.

ಮರುದಿನ ಬೆಳಿಗ್ಗೆ ಗೊಲ್ಲಾಳಮ್ಮ ತಡೆಯಲಾರದೆ ಚಿಟಿಕೆ ಅರಿಶಿಣ ತಿಕ್ಕಿ, ಬಿಸಿ ಚಹಾ ಬಾಯಲ್ಲಿ ಹಿಡಿದಳು. ನೀರು ಮುಕ್ಕಳಿಸಿ ಕನ್ನಡಿ ನೋಡಿದರೆ ಹಲ್ಲು ಬೆಳ್ಳಗೆ ಮಿಂಚುತ್ತಿತ್ತು. ಎರಡು ಸಲ, ಮೂರು ಸಲ ಮಾಡಿದಳು. ಪಕ್ಕದ ತನ್ನ ಸ್ವಂತ ಹಲ್ಲುಗಳಾದರೂ ಸ್ವಲ್ಪ ಹಳದಿ ಹಿಡಿದವು, ಅದು ಹಿಡಿಯಲಿಲ್ಲ. ಸಿಟ್ಟು ಬಂದು ಅರಿಶಿಣದ ಬಟ್ಟಲನ್ನು ಬಚ್ಚಲಿಗೆ ಸುರುವಿದಳು. ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತಳು.

ಅತ್ತು ಮುಗಿದ ಮೇಲೆ ಮುಖ ತೊಳೆದು ಅಂಗಡಿ ತೆರೆದಳು, ಬಂದವರನ್ನೆಲ್ಲ ನೋಡಿ ನಗತೊಡಗಿದಳು. ನಕ್ಕೇ ಗೊತ್ತಿಲ್ಲದ ಹೆಂಗಸು, ಕರ್ಪೂರ ಕೇಳಿದರೂ ನಗು, ಚಿಲ್ಲರೆ ಇಲ್ಲ ಎಂದರೂ ನಗು. ಈ ಮುದುಕಿಗೆ ಏನಾಯಿತಪ್ಪಾ ಎಂದು ಬಜಾರ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ಆಮೇಲೆ ಹಲ್ಲು ನೋಡಿತು. ಯಾರು ಹಾಕಿದ್ದು ಎಂದರೆ ಅವಳು ಈಗಲೂ ಅದೇ ಉತ್ತರ ಕೊಡುತ್ತಿದ್ದಳು, ಮೊದಲಿನದು ಟೆಂಪ್ರವರಿ ಇತ್ತು, ಅದನ್ನು ನಾನೇ ಕೆಡಿಸಿಕೊಂಡಿದ್ದೆ ಎಂದೂ ಸೇರಿಸುತ್ತಿದ್ದಳು. ಯಾಕೆ ಕೆಡಿಸಿಕೊಂಡೆ ಎಂದು, ಆಶ್ಚರ್ಯ ನೋಡಿ, ಒಬ್ಬರೂ ಕೇಳಲಿಲ್ಲ. ಮಗಳ ಮದುವೆ ಮುಗಿಸಿ ಬಂದ ಭೀಮಾಶಂಕರನೇ ತನ್ನ ದವಡೆ ಹಲ್ಲು ತೋರಿಸಲು ಆ ಮೆಟ್ಟಿಲು ಹತ್ತಿದ. ಅವನ ಹಿಂದೆ ಅವನ ಓಣಿ ಹತ್ತಿತು. ತಿಂಗಳು ಕಳೆದರೂ ಡಾಕ್ಟರಮ್ಮ ಬಾಗಿಲು ಹಾಕಲಿಲ್ಲ. ರೇಣಮ್ಮ ಕೆಲಸಕ್ಕೆ ವಾಪಸ್ಸು ಬಂದಳು.

ಇತ್ತ ಬುಧವಾರಗಳು ಬಂದವು, ಹೋದವು. ಡಾಕ್ಟರಮ್ಮ ಹೇಳಿ ಕಳಿಸುತ್ತಾಳೇನೋ ಎಂದು ಗೊಲ್ಲಾಳಮ್ಮ ಮೊದಮೊದಲು ಕಾದಳು. ಆದರೆ ಹೇಳಿ ಕಳಿಸಲು ಅವಳಿಗಾದರೂ ಏನು ಕಾರಣವಿತ್ತು? ಒಮ್ಮೆ ಮಾತ್ರ ಬಜಾರದಲ್ಲಿ ಅವಸರದಿಂದ ಹೋಗುತ್ತಿದ್ದ ಡಾಕ್ಟರಮ್ಮ ದೂರದಿಂದ ಕೈ ಎತ್ತಿ, ಹಲ್ಲು ಹ್ಯಾಂಗದ ಎಂದು ಸನ್ನೆಯಲ್ಲಿ ಕೇಳಿದಳು. ಚಲೋ ಇದೆ ಎಂದು ಇವಳೂ ಕೈ ಎತ್ತಿದಳು. ಡಾಕ್ಟರಮ್ಮ ಇಳಿದುಹೋಗಿದ್ದಳು, ಕೊರಳ ಎಲುಬು ಕಾಣುತ್ತಿತ್ತು. ಅದು ಗೊಲ್ಲಾಳಮ್ಮನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಮುಂದಿನ ಬುಧವಾರ ಅವಳು ಬದನೆಕಾಯಿ ಎಣ್ಣೆಗಾಯಿ ಮಾಡಿದಳು. ರೊಟ್ಟಿ ಬಡಿದಳು. ಕೆನೆಮೊಸರನ್ನು ಡಬ್ಬಿಗೆ ಹಾಕಿ ಗಂಟು ಕಟ್ಟಿದಳು. ಏನು ಕಾರಣ ಹೇಳುವುದೆಂದು ದಾರಿಯುದ್ದಕ್ಕೂ ಹುಡು‌ಕಿದಳು. ಹಲ್ಲು ಅಲುಗಾಡುತ್ತದೆ ಎನ್ನಲೇ? ಅದು ಬಂಡೆಯಂತೆ ಕೂತಿತ್ತು. ವಸಡು ನೋಯುತ್ತದೆ ಎನ್ನಲೇ? ಮೆಟ್ಟಿಲು ಹತ್ತಿದರೆ ಬೆಂಚಿನ ತುಂಬ ಜನ, ನೆಲದ ಮೇಲೂ ಜನ. ಒಳಗೆ ಮಷೀನು ಗರ್‍ರೆನ್ನುತ್ತಿತ್ತು. ಗೋಗಿಯ ಕಡೆಯ ಮುದುಕನೊಬ್ಬ ಊದಿದ ದವಡೆಗೆ ಟವೆಲ್ ಕಟ್ಟಿಕೊಂಡು ನರಳುತ್ತಿದ್ದ. ಇಷ್ಟು ಜನರ ನಿಜವಾದ ನೋವಿನ ನಡುವೆ ಒಂದು ಸುಳ್ಳು ನೋವು ಹಿಡಿದು ಸಾಲಿನಲ್ಲಿ ನಿಲ್ಲಲು ಅವಳಿಗೆ ಮನಸ್ಸಾಗಲಿಲ್ಲ. ತಿರುಗಿ ಹೋಗಿಬಿಡೋಣವೆಂದು ಒಂದು ಮೆಟ್ಟಿಲು ಇಳಿದೂ ಬಿಟ್ಟಳು.

ಅಷ್ಟರಲ್ಲಿ ರೇಣಮ್ಮ ಕರೆದಳು. ಈಗ ಅವಳಿಗೆ ಹತ್ತಿಬತ್ತಿ ಹೊಸೆಯಲು ಪುರುಸೊತ್ತಿರಲಿಲ್ಲ, ಕೈಯಲ್ಲಿ ಚೀಟಿಯ ಕಟ್ಟು, ಕಿವಿಯ ಮೇಲೆ ಪೆನ್ನು. ಏನು ತ್ರಾಸೆಂದು ಹೇಳಿದರೆ ಬರೆದುಕೊಳ್ಳುತ್ತೇನೆ, ಕೂಡಿರಿ, ಹೊತ್ತಾಗುತ್ತದೆ ಎಂದಳು. ಬೆಂಚಿನ ಮೇಲಿದ್ದವರೆಲ್ಲ ಇವಳ ಕಡೆ ನೋಡಿದರು. ಬುತ್ತಿಯ ಗಂಟಿನಿಂದ ಎಣ್ಣೆಗಾಯಿಯ ವಾಸನೆ ಬರುತ್ತಿತ್ತು.

ಇಷ್ಟು ದಿನ ಹಲ್ಲಿಗೆ ಅರಿಶಿಣ ತಿಕ್ಕಿ ತಿಕ್ಕಿ ತಪ್ಪಿಸಿಕೊಂಡಿದ್ದ ಮಾತು ಅದು. ಗೊಲ್ಲಾಳಮ್ಮ ಇಳಿದ ಮೆಟ್ಟಿಲನ್ನು ಮತ್ತೆ ಹತ್ತಿದಳು. ಅವಳ ದನಿ ಅವಳಿಗೇ ಅಂಜಿಕೆಯಾಗುವಷ್ಟು ಜೋರಾಗಿ ಬಂತು.

"ಹಲ್ಲಿಂದು ಏನೂ ತ್ರಾಸಿಲ್ಲ ರೇಣಮ್ಮ. ಮನ್ಯಾಗ ಒಬ್ಬಾಕಿನೇ ಕುಂತು ಉಣ್ಣಾಕ ಆಗವಲ್ದು ನನಗ. ಅದಕ್ಕ ಬಂದೀನಿ. ಹಂಗೇ ಬರ್ಕೋ."

ಬೆಂಚಿನ ಮೇಲೆ ಯಾರೂ ನಗಲಿಲ್ಲ. ಮುದುಕ ಟವೆಲ್ ಕಟ್ಟಿದ ಮುಖವನ್ನು ಎತ್ತಿ ಅವಳನ್ನು ನೋಡಿದ, ಆಮೇಲೆ ಸ್ವಲ್ಪ ಸರಿದು ಜಾಗ ಮಾಡಿದ. ರೇಣಮ್ಮ ಕಿವಿಯ ಮೇಲಿನ ಪೆನ್ನು ತೆಗೆದಳು, ಆದರೆ ಏನೂ ಬರೆಯಲಿಲ್ಲ.

ಒಳಗೆ ಮಷೀನಿನ ಸದ್ದು ನಿಂತಿತ್ತು.